ಗಣಕಯಂತ್ರದ ತಾಪಬಾಧೆ: ನಿದಾನ ಮತ್ತು ಪರಿಹಾರ

ವಿದ್ಯಾಸಂಸ್ಥೆಗಳಿಗೆ ಹಿಂದೆ ಗ್ರಂಥಗಳೂ ಗಡಿಯಾರಗಳೂ ಕಪಾಟುಗಳೂ ದಾನವಾಗಿ ಬರುತ್ತಿದ್ದುವು. ಈಗ ಆ ಪಟ್ಟಿಗೆ ಗಣಕಯಂತ್ರಗಳೂ ಸೇರಿವೆ. ದೂರದ ನಗರಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಾವು ಏಳೆಂಟು ವರ್ಷ ಬಳಸಿದ ಲ್ಯಾಪ್‌ಟಾಪುಗಳನ್ನು ತಾವು ಓದಿದ ಶಾಲೆಗೆ ತಂದೊಪ್ಪಿಸುವುದು ದಾಸೋಹದ ಒಂದು ನೂತನ ರೂಪವೆಂದೇ ಭಾವಿಸತಕ್ಕದ್ದು. ಆದರೆ ಬಂದ ಯಂತ್ರ ಬಂದಂತೆಯೇ ಬಳಕೆಗೆ ಒದಗುವುದಿಲ್ಲ. ಹಿಂದಿನ ಒಡೆಯರ ಕಾಗದಪತ್ರಗಳನ್ನೆಲ್ಲ ಅಳಿಸಿ, ಆಪರೇಟಿಂಗ್ ಸಿಸ್ಟಂ ಎನಿಸಿಕೊಳ್ಳುವ ಕಾರ್ಯಾಚರಣಾ ವ್ಯವಸ್ಥೆಯನ್ನು ಅದರಲ್ಲಿ ಹೊಸದಾಗಿ ಅನುಸ್ಥಾಪಿಸಬೇಕಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ ಮೇಲಂತೂ ಈ ಕೆಲಸ ಇಮ್ಮಡಿಯಾಗಿದೆ. ವಿಂಡೋಸ್ 11 ಬೇಡುವ ಹೊಸ ತಲೆಮಾರಿನ ಪ್ರೊಸೆಸರು ಹಳೆಯ ಯಂತ್ರಗಳಲ್ಲಿ ಇಲ್ಲದಿರುವುದರಿಂದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಮುಕ್ತ ವ್ಯವಸ್ಥೆಗಳನ್ನು ಹಾಕಿಕೊಳ್ಳುವುದೇ ಅನೇಕ ಶಾಲೆಗಳಿಗೆ ಉಳಿದಿರುವ ಮಾರ್ಗವಾಗಿದೆ.

ಈ ಅನುಸ್ಥಾಪನೆಯ ಹೊತ್ತಿನಲ್ಲಿಯೇ ಒಂದು ವಿಚಿತ್ರ ತೊಂದರೆ ಎದುರಾಗುವುದುಂಟು. ಪೆನ್‌ಡ್ರೈವನ್ನು ಸಿಕ್ಕಿಸಿ ಕೆಲಸ ಆರಂಭಿಸಿದ ಹತ್ತು ಹದಿನೈದು ನಿಮಿಷಗಳವರೆಗೆ ಎಲ್ಲವೂ ಸುಸೂತ್ರವಾಗಿ ಸಾಗುತ್ತದೆ. ಒಳಗಿನ ಬೀಸಣಿಗೆಯ ಸದ್ದು ಕ್ರಮೇಣ ಏರುತ್ತದೆ. ಯಂತ್ರದ ಬೆನ್ನು ಕಾದ ಹಂಚಿನಂತಾಗುತ್ತದೆ. ಶೇಕಡಾ 40 ಎಂದೋ 60 ಎಂದೋ ತೋರಿಸುತ್ತಿದ್ದ ಪರದೆ ಯಾವ ಸೂಚನೆಯನ್ನೂ ಕೊಡದೆ ತಟ್ಟನೆ ಕಪ್ಪಾಗುತ್ತದೆ. ಮತ್ತೆ ಹೊತ್ತಿಸಿ ಮೊದಲಿನಿಂದ ಆರಂಭಿಸಿದರೆ ಈ ಸಲ ಇನ್ನೂ ಬೇಗನೆ ಆರುತ್ತದೆ. ಮೂರು ಸಲ ಹೀಗಾದ ಮೇಲೆ ಒಬ್ಬರು ಹೊಸ ವ್ಯವಸ್ಥೆಯೇ ಸರಿಯಿಲ್ಲವೆನ್ನುತ್ತಾರೆ; ಇನ್ನೊಬ್ಬರು ಯಂತ್ರ ಸತ್ತಿದೆಯೆನ್ನುತ್ತಾರೆ. ದಾನಿಯ ಹೆಸರು ದಾಸ್ತಾನು ಪುಸ್ತಕದಲ್ಲಿ ಉಳಿದು, ಯಂತ್ರ ಉಗ್ರಾಣದ ಮೂಲೆಯನ್ನು ಸೇರುತ್ತದೆ.

ಈ ಎರಡು ತೀರ್ಮಾನಗಳೂ ಬಹುಮಟ್ಟಿಗೆ ಅವಸರದವು. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸುವುದನ್ನು ಶಾಸ್ತ್ರಕಾರರು ಕಾಕತಾಳೀಯ ನ್ಯಾಯವೆಂದು ಕರೆದಿದ್ದಾರೆ. ಅನುಸ್ಥಾಪನೆ ನಡೆಯುತ್ತಿದ್ದಾಗ ಯಂತ್ರ ಆರಿತು, ಆದ್ದರಿಂದ ಅನುಸ್ಥಾಪಿತವಾಗುತ್ತಿದ್ದ ವ್ಯವಸ್ಥೆಯೇ ದೋಷಿ ಎಂಬ ವಾದ ಆ ನ್ಯಾಯಕ್ಕೆ ಒಳ್ಳೆಯ ಉದಾಹರಣೆ. ನಿಜಸ್ಥಿತಿ ಬೇರೆ. ಯಂತ್ರದಲ್ಲಿ ಮೊದಲೇ ಮನೆಮಾಡಿದ್ದ ಒಂದು ಊನ ಹಗುರವಾದ ಕೆಲಸದಲ್ಲಿ ಕಾಣಿಸದೆ ಭಾರವಾದ ಕೆಲಸದಲ್ಲಿ ಹೊರಬಿದ್ದಿರುತ್ತದೆ. ಯಂತ್ರ ಆರಿದ್ದು ಸಾವಿನಿಂದಲ್ಲ, ಆತ್ಮರಕ್ಷಣೆಗಾಗಿ. ಊನವಾದರೋ ಹಲವು ವೇಳೆ ಒಂದು ಚಿಟಿಕೆ ಧೂಳು ಮತ್ತು ಒಣಗಿದ ಒಂದು ಲೇಪ, ಇಷ್ಟೇ.

ಇದನ್ನು ಮನಗಾಣಬೇಕಾದರೆ ತಾಪ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಗಣಕಯಂತ್ರದ ಹೃದಯಸ್ಥಾನದಲ್ಲಿರುವ ಪ್ರೊಸೆಸರು (ಪಠ್ಯಪುಸ್ತಕಗಳ ಸಂಸ್ಕಾರಕ) ಲೆಕ್ಕ ಮಾಡುವ ಉಪಕರಣವೆಂಬುದು ಎಲ್ಲರಿಗೂ ಗೊತ್ತು. ಅದು ಒಂದು ಪುಟ್ಟ ಒಲೆಯೂ ಹೌದೆಂಬುದು ಅಷ್ಟಾಗಿ ಗೊತ್ತಿಲ್ಲ. ಅದು ಕುಡಿಯುವ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವಾಗಿಯೇ ಹೊರಬರಬೇಕು. ಲೆಕ್ಕದ ಫಲವಾಗಿ ಶಕ್ತಿ ಎಲ್ಲಿಯೂ ಶೇಖರವಾಗುವುದಿಲ್ಲ. ಲ್ಯಾಪ್‌ಟಾಪಿನ ಪ್ರೊಸೆಸರುಗಳಲ್ಲಿ ಸಾಧಾರಣವಾದವು ಸುಮಾರು 15 ವ್ಯಾಟಿನವು, ಬಲಶಾಲಿಯಾದವು 45 ವ್ಯಾಟಿನವು. ಹಳೆಯ ಕಾಲದ 40 ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಅದರ ಬಿಸಿ ನೆನಪಿರಬಹುದು. ಅಷ್ಟೇ ಬಿಸಿ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಲ್ಲದ ಸಿಲಿಕಾನ್ ತುಣುಕಿನಿಂದ, ಒಂದು ಅಂಗುಲ ದಪ್ಪದ ಪೆಟ್ಟಿಗೆಯೊಳಗೆ ಹೊರಡುತ್ತದೆಯೆಂದು ಊಹಿಸಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ.

ಈ ಬಿಸಿಯನ್ನು ಹೊರಸಾಗಿಸುವ ಏರ್ಪಾಡು ಬಹು ಚಮತ್ಕಾರವಾದುದು. ಸಿಲಿಕಾನ್ ತುಣುಕಿನ ಮೇಲೆ ಒಂದು ತಾಮ್ರದ ಫಲಕ ಕುಳಿತಿರುತ್ತದೆ. ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಟ್ಟಗುಡ್ಡಗಳಂತಿರುತ್ತವೆ. ಅವುಗಳ ನಡುವಣ ಕಣಿವೆಗಳಲ್ಲಿ ಗಾಳಿ ನಿಲ್ಲುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಗಾಳಿಯು ತಾಮ್ರಕ್ಕಿಂತ ಸುಮಾರು 15,000 ಪಾಲು ದುರ್ಬಲ. ಆದಕಾರಣ ಆ ಕಣಿವೆಗಳನ್ನು ತುಂಬಲು ಥರ್ಮಲ್ ಪೇಸ್ಟ್ ಎಂಬ ಬೂದುಬಣ್ಣದ ಲೇಪವನ್ನು ಸವರಿರುತ್ತಾರೆ. ಫಲಕದಿಂದ ಮುಂದಕ್ಕೆ ಚಪ್ಪಟೆಯಾದ ತಾಮ್ರದ ಕೊಳವೆಯೊಂದು ಹೊರಡುತ್ತದೆ. ನೋಡಿದವರು ಅದನ್ನು ಗಟ್ಟಿ ಸರಳೆಂದು ಭಾವಿಸುವುದು ಸಹಜ. ಆದರೆ ಅದು ಟೊಳ್ಳು. ಒಳಗೆ ಗಾಳಿ ತೆಗೆದು ಕೆಲವು ಹನಿ ನೀರನ್ನು ಮುಚ್ಚಿಟ್ಟಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ಅಲ್ಪ ಶಾಖಕ್ಕೇ ಆವಿಯಾಗಿ, ಕೊಳವೆಯ ತಣ್ಣನೆಯ ತುದಿಗೆ ಧಾವಿಸಿ, ಅಲ್ಲಿ ಬಿಸಿಯನ್ನು ಬಿಟ್ಟುಕೊಟ್ಟು ಹನಿಯಾಗಿ, ದೀಪದ ಬತ್ತಿ ಎಣ್ಣೆಯನ್ನು ಹೀರುವ ಹಾಗೆ ಒಳಗೋಡೆಯ ಬತ್ತಿಯ ಮೂಲಕ ಬಂದ ದಾರಿಗೆ ಹಿಂದಿರುಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ದಿನವೂ ನಡೆಯುವ ಕ್ರಿಯೆಯಿದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇಂತಹ ಬತ್ತಿಯುಳ್ಳ ಕೊಳವೆಯನ್ನು 1963ರಲ್ಲಿ ಸಿದ್ಧಪಡಿಸಿದನು. ಮೊದಲು ಆಕಾಶನೌಕೆಗಳಲ್ಲಿ ಬಳಕೆಗೆ ಬಂದ ಆ ಸಾಧನವೇ ಇಂದು ಶಾಲಾಬಾಲಕನ ಮೇಜಿನ ಮೇಲಿನ ಯಂತ್ರದೊಳಗೂ ಇದೆ. ಕೊಳವೆಯ ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ತೆಳುವಾದ ಲೋಹದ ಪಟ್ಟಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಬೀಸಣಿಗೆಯು ತಳದ ರಂಧ್ರಗಳಿಂದ ತಂಪುಗಾಳಿಯನ್ನು ಸೆಳೆದು ಆ ಪಟ್ಟಿಗಳ ನಡುವೆ ನುಗ್ಗಿಸಿ ಪಕ್ಕಕ್ಕೋ ಹಿಂದಕ್ಕೋ ಹೊರದೂಡುತ್ತದೆ.

ಲ್ಯಾಪ್‌ಟಾಪ್ ಎಂಬ ಹೆಸರೇ ಅನರ್ಥಕ್ಕೆ ಮೂಲವೆಂದು ಇಲ್ಲಿ ಹೇಳಬೇಕಾಗುತ್ತದೆ. ತೊಡೆಯ ಮೇಲಿನದು ಎಂಬುದು ಅದರ ಶಬ್ದಾರ್ಥ. ಶಬ್ದಾರ್ಥವನ್ನು ನಂಬಿ ತೊಡೆಯ ಮೇಲೋ ಹಾಸಿಗೆಯ ಮೇಲೋ ಇಟ್ಟುಕೊಂಡರೆ ತಳದ ರಂಧ್ರಗಳು ಬಟ್ಟೆಯಿಂದ ಮುಚ್ಚಿ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ರೂಢಿ ಶಬ್ದಗಳನ್ನು ಯೌಗಿಕವಾಗಿ ತೆಗೆದುಕೊಳ್ಳಬಾರದೆಂಬ ವೈಯಾಕರಣರ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ತಾಪ ಮಿತಿಮೀರಿದಾಗ ಯಂತ್ರ ಸುಮ್ಮನೆ ಸುಟ್ಟುಹೋಗದಂತೆ ಮೂರು ಹಂತದ ಕಾವಲು ಇರುತ್ತದೆ. ಮೊದಲನೆಯದು ಬೀಸಣಿಗೆಯ ವೇಗವನ್ನು ಏರಿಸುವುದು. ಅದರಿಂದ ಸಾಲದೆ, ಒಳಗಿನ ಉಷ್ಣತೆ ತಯಾರಕರು ಗೊತ್ತುಪಡಿಸಿದ ಮೇರೆಯನ್ನು ಮುಟ್ಟಿದಾಗ (ಇಂಟೆಲ್ ಸಂಸ್ಥೆಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಇದು ಸಾಮಾನ್ಯವಾಗಿ 100 ಅಥವಾ 105 ಡಿಗ್ರಿ ಸೆಲ್ಸಿಯಸ್) ಪ್ರೊಸೆಸರು ತಾನಾಗಿಯೇ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದರಿಂದಲೂ ಆಗದಿದ್ದರೆ ವಿದ್ಯುತ್ತನ್ನೇ ಕಡಿದುಹಾಕುವುದು ಮೂರನೆಯದು. ಈ ಕೊನೆಯ ಹಂತದಲ್ಲಿ ಕಡತಗಳನ್ನು ಮುಚ್ಚುವುದಕ್ಕಾಗಲಿ, ಕ್ಷಮೆ ಕೇಳುವುದಕ್ಕಾಗಲಿ ವ್ಯವಧಾನವಿರುವುದಿಲ್ಲ. ಇಂತಹ ಕಾವಲು ಇಲ್ಲದಿದ್ದ ಕಾಲವೂ ಒಂದಿತ್ತು. 2001ರಲ್ಲಿ ನಡೆದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಚಾಲನೆಯಲ್ಲಿದ್ದ ಪ್ರೊಸೆಸರುಗಳ ಮೇಲಿಂದ ತಾಪಹಾರಕವನ್ನು ಕಿತ್ತುಹಾಕಿದಾಗ, ಎಎಂಡಿ ಸಂಸ್ಥೆಯ ಅಂದಿನ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ಬೆಂದುಹೋಯಿತು. ಇಂಟೆಲ್‌ನ ಪೆಂಟಿಯಂ 4 ಮಾತ್ರ ವೇಗ ಕುಂದಿಸಿಕೊಂಡು ಬದುಕಿ ಉಳಿಯಿತು. ಅನಂತರದ ವರ್ಷಗಳಲ್ಲಿ ಎಲ್ಲ ತಯಾರಕರೂ ಈ ಕಾವಲನ್ನು ಬಲಪಡಿಸಿದರು. ತಟ್ಟನೆ ಆರಿದ ಯಂತ್ರವನ್ನು ಕಂಡು ನಿಟ್ಟುಸಿರು ಬಿಡುವವರು ಈ ಸಂಗತಿಯನ್ನು ಸ್ಮರಿಸಿದರೆ ಒಳಿತು.

ಇನ್ನು, ಪತ್ರ ಬರೆಯುವಾಗ, ಪಾಠದ ಟಿಪ್ಪಣಿ ಸಿದ್ಧಪಡಿಸುವಾಗ ಬಾರದ ತಾಪ ಅನುಸ್ಥಾಪನೆಯಲ್ಲಿಯೇ ಏಕೆ ಬರುತ್ತದೆ? ಪತ್ರ ಬರೆಯುವವನ ಬೆರಳು ಎರಡು ಅಕ್ಷರಗಳ ನಡುವೆ ತೆಗೆದುಕೊಳ್ಳುವ ಸಮಯ ಪ್ರೊಸೆಸರಿಗೆ ಒಂದು ಯುಗ; ಆ ಹೊತ್ತಿನಲ್ಲೆಲ್ಲ ಅದು ತೂಕಡಿಸುತ್ತ ತಂಪಾಗಿರುತ್ತದೆ. ಅನುಸ್ಥಾಪನೆಯಲ್ಲಿ ತೂಕಡಿಕೆಗೆ ಎಡೆಯಿಲ್ಲ. ಹೊಸ ವ್ಯವಸ್ಥೆಯ ಸಹಸ್ರಾರು ಕಡತಗಳನ್ನು ಪೆನ್‌ಡ್ರೈವಿನಲ್ಲಿ ಬಿಗಿಯಾಗಿ ಅದುಮಿ ಕಟ್ಟಿಟ್ಟಿರುತ್ತಾರೆ. ಆ ಗಂಟನ್ನು ಬಿಚ್ಚಿ ಹರಡುವುದೆಲ್ಲ ಲೆಕ್ಕದ ಕೆಲಸ. ಪ್ರೊಸೆಸರು ಬಹುಹೊತ್ತು ಎಡೆಬಿಡದೆ ದುಡಿಯಬೇಕಾಗುತ್ತದೆ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವುಂಟು. ಯಾವ ಭಾಗ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬ ಶಕ್ತಿನಿಯಂತ್ರಣದ ವಿವೇಕ ಪೂರ್ಣಪ್ರಮಾಣದಲ್ಲಿ ಬರುವುದು ಆಯಾ ಯಂತ್ರಕ್ಕೆ ತಕ್ಕ ಚಾಲಕ ತಂತ್ರಾಂಶಗಳು, ಅಂದರೆ ಡ್ರೈವರುಗಳು, ಕುಳಿತ ಮೇಲೆ. ಅನುಸ್ಥಾಪನೆಯ ಹೊತ್ತಿನಲ್ಲಿ ಅವು ಇನ್ನೂ ಬಂದಿರುವುದಿಲ್ಲ. ಮುಖ್ಯವಾಗಿ, ಪ್ರೊಸೆಸರಿನೊಳಗಿನದಲ್ಲದೆ ಪ್ರತ್ಯೇಕವಾದ ಎರಡನೆಯ ಗ್ರಾಫಿಕ್ಸ್ ಚಿಪ್ಪು ಇರುವ ಯಂತ್ರಗಳಲ್ಲಿ, ಆ ಚಿಪ್ಪು ಯಾವ ಕೆಲಸವೂ ಇಲ್ಲದೆ ಎಚ್ಚರವಾಗಿಯೇ ಉಳಿದು ಬಿಸಿಯನ್ನು ಉಗುಳುತ್ತಿರುತ್ತದೆ. ಅನೇಕ ಮಾದರಿಗಳಲ್ಲಿ ಎರಡು ಚಿಪ್ಪುಗಳಿಗೂ ಒಂದೇ ಕೊಳವೆ, ಒಂದೇ ಬೀಸಣಿಗೆ. ಒಬ್ಬನಿಗಾಗಿ ಮಾಡಿದ ಅಡಿಗೆಯನ್ನು ಇಬ್ಬರು ಉಂಡಂತೆ.

ಇವೆಲ್ಲಕ್ಕೂ ಮೇಲಾಗಿ ನಾಡಿನ ಹವೆಯೊಂದಿದೆ. ಲ್ಯಾಪ್‌ಟಾಪು ಕೆಲಸ ಮಾಡಬಹುದಾದ ಸುತ್ತಣ ಉಷ್ಣತೆಯ ಗರಿಷ್ಠ ಮಿತಿಯೆಂದು ಬಹುತೇಕ ತಯಾರಕರು ನಮೂದಿಸುವುದು 35 ಡಿಗ್ರಿ. ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಮೀರುವುದು ವಿಶೇಷವೇನಲ್ಲ. ಬೀಸಣಿಗೆ ಎಷ್ಟೇ ತಿರುಗಿದರೂ ಯಂತ್ರವನ್ನು ಸುತ್ತಣ ಗಾಳಿಗಿಂತ ತಂಪು ಮಾಡಲಾರದು. ಶಾಲೆಗಳಲ್ಲಿ ಇಂತಹ ಕೆಲಸಗಳನ್ನು ಬೇಸಿಗೆಯ ರಜೆಗೆಂದು ಮೀಸಲಿಡುವ ವಾಡಿಕೆಯಿದೆ. ತಾರಸಿಯ ಕೆಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಮೇ ತಿಂಗಳ ನಡುಹಗಲಿನಲ್ಲಿ ಸಾಲಾಗಿ ಹತ್ತು ಯಂತ್ರಗಳನ್ನು ಕೆಲಸಕ್ಕೆ ಹಚ್ಚಿದರೆ ನಾಲ್ಕಾದರೂ ಆರುವುದರಲ್ಲಿ ಆಶ್ಚರ್ಯವಿಲ್ಲ.

ನಿದಾನದ ಕ್ರಮ ಹೀಗಿರಬೇಕು. ಕಾರಣವಿದ್ದಾಗ ಕಾರ್ಯವಿರುವುದು ಅನ್ವಯ, ಕಾರಣವಿಲ್ಲದಾಗ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ತಾಪವೇ ಕಾರಣವೆನ್ನಬೇಕಾದರೆ ಎರಡನ್ನೂ ತೋರಿಸಬೇಕು. ಆರಿದ ಯಂತ್ರ ಒಡನೆಯೇ ಹೊತ್ತದೆ, ಹತ್ತು ಹದಿನೈದು ನಿಮಿಷ ಬಿಟ್ಟರೆ ಹೊತ್ತಿಕೊಳ್ಳುವುದೇ? ಪ್ರತಿಸಲವೂ ಆರುವ ಅವಧಿ ಕಡಿಮೆಯಾಗುತ್ತ ಬರುವುದೇ? ತಂಪಾದ ಮುಂಜಾನೆಯಲ್ಲಿ ಹೆಚ್ಚು ಹೊತ್ತು, ಮಧ್ಯಾಹ್ನ ಕಡಿಮೆ ಹೊತ್ತು ಬಾಳುವುದೇ? ಹಾಗಿದ್ದರೆ ತಾಪದ ಮೇಲಿನ ಸಂಶಯ ಬಲವಾಗುತ್ತದೆ. ಬಿಸಿಯೇ ಇಲ್ಲದ ಯಂತ್ರ ಹೊತ್ತಿಸಿದ ಎರಡು ನಿಮಿಷಕ್ಕೇ ಆರಿದರೆ ಬೇರೆ ಕಾರಣವನ್ನು ಹುಡುಕತಕ್ಕದ್ದು. ಚಾರ್ಜರ್ ತೆಗೆದ ಕೂಡಲೇ ಆರುವುದು ಬ್ಯಾಟರಿ ಮುಗಿದುದರ ಲಕ್ಷಣ. ಬ್ಯಾಟರಿ ಸತ್ತಿದ್ದು, 90 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟಿನ ಚಾರ್ಜರನ್ನು ಸಿಕ್ಕಿಸಿದ್ದರೂ ಭಾರ ಬಿದ್ದ ಕ್ಷಣದಲ್ಲಿ ಯಂತ್ರ ಕೈಬಿಡಬಹುದು. ದಾನವಾಗಿ ಬಂದ ಯಂತ್ರಗಳ ಚಾರ್ಜರುಗಳು ಒಂದರೊಡನೊಂದು ಅದಲುಬದಲಾಗುವುದು ಸಾಮಾನ್ಯವಾದ್ದರಿಂದ ಇದನ್ನು ಮರೆಯಬಾರದು. ಆರದೆ ಪರದೆಯ ಮೇಲೆ ಹಾಗೆಯೇ ಸ್ತಬ್ಧವಾಗಿ ನಿಂತರೆ, ಅಥವಾ ಪ್ರತಿಸಲವೂ ಅದೇ ಶೇಕಡಾವಾರಿನಲ್ಲಿ ದೋಷಸೂಚನೆ ಕೊಟ್ಟು ನಿಂತರೆ, ಸ್ಮೃತಿಕೋಶವನ್ನೋ ಡಿಸ್ಕನ್ನೋ ಪೆನ್‌ಡ್ರೈವನ್ನೋ ಶಂಕಿಸಬೇಕು. ಸ್ಮೃತಿಕೋಶದ ಪರೀಕ್ಷೆಗೆ ಮೆಮ್‌ಟೆಸ್ಟ್ ಎಂಬ ಉಚಿತ ಸಾಧನವಿದೆ. ವಿಂಡೋಸಿನ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂಬ ನಮೂದನ್ನು ಕಂಡು ಕೆಲವರು ಕಾರಣ ಸಿಕ್ಕಿತೆಂದು ಹಿಗ್ಗುವುದುಂಟು. ಯಂತ್ರ ಕ್ರಮವಾಗಿ ಮುಚ್ಚದೆ ಆರಿತೆಂಬುದಷ್ಟೇ ಆ ನಮೂದಿನ ಅರ್ಥ. ಏಕೆ ಆರಿತೆಂಬುದು ಅದಕ್ಕೂ ತಿಳಿಯದು.

ಬೀಸಣಿಗೆಯ ಸದ್ದೂ ಒಂದು ನಾಡಿಪರೀಕ್ಷೆಯೇ. ಬೀಸಣಿಗೆ ಭೋರಿಡುತ್ತಿದ್ದರೂ ಹೊರಬರುವ ಗಾಳಿ ಕ್ಷೀಣವಾಗಿದ್ದರೆ ಲೋಹದ ಪಟ್ಟಿಗಳ ಮುಂದೆ ಧೂಳು ಕಟ್ಟಿದೆಯೆಂದು ತಿಳಿಯಬೇಕು. ಗಾಳಿ ರಭಸವಾಗಿ ಬಂದರೂ ತಣ್ಣಗಿದ್ದು, ಒಳಗಿನ ಉಷ್ಣತೆ ಮಾತ್ರ ಏರುತ್ತಿದ್ದರೆ ಬಿಸಿಯು ಪಟ್ಟಿಗಳವರೆಗೆ ತಲುಪುತ್ತಲೇ ಇಲ್ಲ. ಲೇಪ ಒಣಗಿರುತ್ತದೆ ಇಲ್ಲವೆ ಕೊಳವೆ ಕೆಟ್ಟಿರುತ್ತದೆ. ಸದ್ದೇ ಇಲ್ಲದಿದ್ದರೆ ಬೀಸಣಿಗೆ ನಿಂತಿದೆ. ಈ ಮೂರು ಮಾತುಗಳನ್ನು ತಿಳಿದ ಅಧ್ಯಾಪಕ ಯಂತ್ರವನ್ನು ಬಿಚ್ಚದೆಯೇ ಅರ್ಧ ನಿದಾನವನ್ನು ಮುಗಿಸಬಲ್ಲ.

ಉಳಿದರ್ಧಕ್ಕೆ ಮುಕ್ತ ವ್ಯವಸ್ಥೆಗಳು ಒದಗಿಸುವ ಒಂದು ಸೌಲಭ್ಯ ಬಹಳ ಉಪಕಾರಿ. ಉಬುಂಟು, ಮಿಂಟ್ ಮುಂತಾದವುಗಳನ್ನು ಡಿಸ್ಕಿಗೆ ಏನನ್ನೂ ಬರೆಯದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಹಾಗೆ ನಡೆಸಿ, ಉಷ್ಣತೆಯನ್ನು ತೋರಿಸುವ ಸೆನ್ಸರ್ಸ್ ಎಂಬ ಉಪಕರಣವನ್ನು ತೆರೆದಿಟ್ಟು, ಅರ್ಧ ಗಂಟೆ ಏನಾದರೂ ಚಲಚ್ಚಿತ್ರವನ್ನು ಓಡಿಸಬೇಕು. ಸುಮ್ಮನಿದ್ದಾಗ 40ರಿಂದ 60 ಡಿಗ್ರಿ, ದುಡಿಯುವಾಗ 80ರಿಂದ 90ರ ಆಸುಪಾಸು ನಿಂತರೆ ಹಳೆಯ ಯಂತ್ರಕ್ಕೆ ಅದು ಆರೋಗ್ಯವೇ. ಸುಮ್ಮನಿದ್ದಾಗಲೇ 80 ದಾಟಿದರೆ, ಇಲ್ಲವೆ ಕೆಲಸ ಆರಂಭವಾದ ಕೆಲವು ಕ್ಷಣಗಳಲ್ಲಿ 100ರ ಬಳಿಗೆ ಹಾರಿದರೆ, ಅಂತಹ ಯಂತ್ರದಲ್ಲಿ ಅನುಸ್ಥಾಪನೆಯನ್ನು ಆರಂಭಿಸಲೇಕೂಡದು. ಆರಿದ ಮೇಲೆ ಕಾರಣ ಹುಡುಕುವುದಕ್ಕಿಂತ ಆರುವ ಮೊದಲೇ ಅಳೆದು ನೋಡುವುದು ಎಷ್ಟೋ ಮೇಲು.

ಏಕೆಂದರೆ ನಡುವೆ ನಿಂತ ಅನುಸ್ಥಾಪನೆ ಬರಿಯ ಕಾಲಹರಣವಲ್ಲ. ಅನುಸ್ಥಾಪನೆಯ ಆರಂಭದಲ್ಲಿಯೇ ಡಿಸ್ಕಿನ ಹಳೆಯ ವಿಭಾಗಗಳನ್ನು ಅಳಿಸಿ ಹೊಸ ವಿಭಾಗಗಳನ್ನು ಎಳೆಯಲಾಗುತ್ತದೆ. ಅನಂತರ ವಿದ್ಯುತ್ತು ಕಡಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ತ್ರಿಶಂಕುಸ್ಥಿತಿ. ದಾನವಾಗಿ ಬಂದ ಬರಿಯ ಯಂತ್ರವಾದರೆ ಚಿಂತೆಯಿಲ್ಲ. ಆದರೆ ಅಧ್ಯಾಪಕರೊಬ್ಬರು ತಾವೇ ಬಳಸುತ್ತಿರುವ ಯಂತ್ರಕ್ಕೆ ಹೊಸ ವ್ಯವಸ್ಥೆಯನ್ನು ಹಾಕಹೊರಟಾಗ ಅದರಲ್ಲಿ ಇಪ್ಪತ್ತು ವರ್ಷಗಳ ಪ್ರಶ್ನಪತ್ರಿಕೆಗಳೂ, ಅಂಕಪಟ್ಟಿಗಳೂ, ಅಚ್ಚಾಗದ ಲೇಖನಗಳೂ ಇರುತ್ತವೆ. ಅವುಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟು, ಆ ಪ್ರತಿ ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೆಂದು ಕಣ್ಣಾರೆ ಕಂಡ ಹೊರತು ಅನುಸ್ಥಾಪನೆಯ ಗುಂಡಿಯನ್ನು ಒತ್ತಬಾರದು. ಇನ್ನೂ ಒಂದು ಎಚ್ಚರಿಕೆ: ಬಯೋಸ್ ಎಂಬ ಮೂಲತಂತ್ರಾಂಶವನ್ನು ನವೀಕರಿಸಿದರೆ ತಾಪ ತಗ್ಗುತ್ತದೆಯೆಂದು ಕೆಲವರು ಸಲಹೆ ಮಾಡುತ್ತಾರೆ. ಕೆಲವು ಮಾದರಿಗಳಲ್ಲಿ ಅದು ನಿಜವೂ ಹೌದು. ಆದರೆ ಅಕಸ್ಮಾತ್ ಆರುವ ಚಾಳಿಯುಳ್ಳ ಯಂತ್ರದಲ್ಲಿ ಆ ನವೀಕರಣಕ್ಕೆ ಕೈಹಾಕುವುದು ಅವಿವೇಕ. ಅದರ ನಡುವೆ ಯಂತ್ರ ಆರಿದರೆ ಮತ್ತೆ ಹೊತ್ತದೇ ಹೋಗಬಹುದು. ಮೊದಲು ತಾಪವನ್ನು ನಿವಾರಿಸಿ, ಬಯೋಸನ್ನು ಅನಂತರ ನೋಡತಕ್ಕದ್ದು.

ಪರಿಹಾರಗಳಲ್ಲಿ ಖರ್ಚಿಲ್ಲದವುಗಳಿಂದ ಆರಂಭಿಸುವುದು ಯುಕ್ತ. ಯಂತ್ರವನ್ನು ಗಟ್ಟಿ ಮೇಜಿನ ಮೇಲಿಟ್ಟು, ಹಿಂಬದಿಯ ಎರಡು ಮೂಲೆಗಳ ಕೆಳಗೆ ರಂಧ್ರಗಳು ಮುಚ್ಚದಂತೆ ಒಂದೊಂದು ಸೀಸೆಯ ಬಿರಡೆಯನ್ನು ಇಟ್ಟರೂ ಗಾಳಿಯ ಸಂಚಾರ ಎಷ್ಟೋ ಸುಧಾರಿಸುತ್ತದೆ. ಬೇಸಿಗೆಯಾದರೆ ಬೆಳಗಿನ ಆರು ಗಂಟೆಗೆ ಕೆಲಸ ಹಚ್ಚುವುದು, ಎದುರಿಗೆ ಮೇಜಿನ ಫ್ಯಾನೊಂದನ್ನು ತಿರುಗಿಸುವುದು ಉತ್ತಮ. ಅನುಸ್ಥಾಪನೆಯ ಜೊತೆಯಲ್ಲಿಯೇ ಹೊಸ ನವೀಕರಣಗಳನ್ನು ಇಳಿಸಿಕೊಳ್ಳಲೇ ಎಂದು ವ್ಯವಸ್ಥೆ ಕೇಳಿದರೆ ಬೇಡವೆಂದು ಹೇಳಿ, ಅವನ್ನು ಮರುದಿನಕ್ಕೆ ಬಿಡಬಹುದು. ಬಯೋಸಿನಲ್ಲಿ ಟರ್ಬೊ ಎಂಬ ಅತಿವೇಗದ ಸವಲತ್ತನ್ನು ನಿಲ್ಲಿಸುವ ಅವಕಾಶವಿದ್ದರೆ ನಿಲ್ಲಿಸಬೇಕು. ವೇಗವನ್ನು ಸ್ವಲ್ಪ ತಗ್ಗಿಸಿದರೆ ತಾಪ ಸ್ವಲ್ಪವೇ ತಗ್ಗುವುದೆಂದು ಭಾವಿಸುವುದು ತಪ್ಪು. ದುಡಿಮೆಯಿಂದ ಹುಟ್ಟುವ ತಾಪ ವೇಗಕ್ಕೂ ವಿದ್ಯುತ್ ಒತ್ತಡದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ತಗ್ಗಿದಾಗ ಒತ್ತಡವೂ ತಗ್ಗುತ್ತದೆ. ಎರಡೂ ನೂರಕ್ಕೆ ಹತ್ತು ತಗ್ಗಿದರೆ ಆ ತಾಪ ನೂರಕ್ಕೆ ಸುಮಾರು ಇಪ್ಪತ್ತೇಳು ತಗ್ಗುತ್ತದೆಯೆಂಬುದನ್ನು ಗಣಿತದ ಅಧ್ಯಾಪಕರು ಕರಿಹಲಗೆಯ ಮೇಲೆಯೇ ಸಾಧಿಸಿ ತೋರಿಸಬಹುದು. ಅನುಸ್ಥಾಪನೆ ಅರ್ಧ ಗಂಟೆಗೆ ಬದಲು ಒಂದು ಗಂಟೆ ಹಿಡಿದರೂ ನಷ್ಟವೇನಿಲ್ಲ. ವಿಂಡೋಸ್ ಕುಳಿತ ಮೇಲೆ, ಅದರ ಶಕ್ತಿನಿಯಂತ್ರಣದ ಪುಟದಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಬಹುಮಟ್ಟಿನ ಯಂತ್ರಗಳಲ್ಲಿ ಟರ್ಬೊ ನಿಲ್ಲುತ್ತದೆ. ಎರಡು ಗ್ರಾಫಿಕ್ಸ್ ಚಿಪ್ಪುಗಳುಳ್ಳ ಯಂತ್ರದಲ್ಲಿ ಪ್ರತ್ಯೇಕವಾದ ಚಿಪ್ಪನ್ನು ಬಯೋಸಿನಲ್ಲಿಯೇ ಮಲಗಿಸಲು ಸಾಧ್ಯವಿದ್ದರೆ ಮಲಗಿಸತಕ್ಕದ್ದು.

ಇವು ಪಥ್ಯವೇ ಹೊರತು ಚಿಕಿತ್ಸೆಯಲ್ಲ. ಚಿಕಿತ್ಸೆಯೆಂದರೆ ತಳದ ಮುಚ್ಚಳವನ್ನು ತೆಗೆದು ಶುದ್ಧಿ ಮಾಡುವುದು. ಮೊದಲು ಚಾರ್ಜರನ್ನು ಕಿತ್ತು, ಮುಚ್ಚಳ ತೆಗೆದೊಡನೆ ಬ್ಯಾಟರಿಯ ತಂತಿಯನ್ನು ಕಳಚಿ, ಅನಂತರವೇ ಮುಂದಿನ ಕೆಲಸ. ಬ್ಯಾಟರಿ ಉಬ್ಬಿಕೊಂಡಿರುವುದು ಕಂಡರೆ ಅದನ್ನು ಚುಚ್ಚದೆ, ಒತ್ತದೆ, ಆ ಯಂತ್ರವನ್ನು ಬಲ್ಲವರ ಕೈಗೆ ಒಪ್ಪಿಸಬೇಕು. ಸ್ಕ್ರೂಗಳ ಉದ್ದ ಒಂದೊಂದು ಕಡೆಯಲ್ಲಿ ಒಂದೊಂದು ಬಗೆ. ಕಾಗದದ ಮೇಲೆ ಯಂತ್ರದ ಆಕೃತಿಯನ್ನು ಬರೆದು, ತೆಗೆದ ಸ್ಕ್ರೂವನ್ನು ಆಯಾ ಸ್ಥಾನದಲ್ಲಿಯೇ ಅಂಟಿಸಿಟ್ಟರೆ ಮರಳಿ ಕೂಡಿಸುವಾಗ ಗೊಂದಲವಾಗದು. ಬೀಸಣಿಗೆಗೂ ಲೋಹದ ಪಟ್ಟಿಗಳಿಗೂ ನಡುವೆ, ಹೊರಗಿನಿಂದ ಕಾಣದ ಸಂದಿಯಲ್ಲಿ, ಧೂಳೂ ನೂಲೂ ಸೇರಿ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಸುಣ್ಣದ ಬಳಪದಿಂದ ಬರೆಯುವ ಶಾಲೆಗಳಲ್ಲಿ ಅದಕ್ಕೆ ಬಿಳಿಯ ಬಣ್ಣವೂ ಕೂಡಿರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಆ ಕಂಬಳಿ ಇನ್ನಷ್ಟು ಒಳಸರಿಯುವುದೇ ಹೊರತು ಹೊರಬಾರದು. ಮೃದುವಾದ ಕುಂಚದಿಂದ ಅದನ್ನು ಬಿಡಿಸಿ ತೆಗೆಯಬೇಕು. ಗಾಳಿ ಊದುವಾಗ ಬೀಸಣಿಗೆ ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಎಷ್ಟೋ ಯಂತ್ರಗಳು ಇಷ್ಟಕ್ಕೇ ಗುಣವಾಗುತ್ತವೆ.

ಆಗದಿದ್ದರೆ ಲೇಪವನ್ನು ಬದಲಿಸಬೇಕು. ತಾಪಹಾರಕದ ಸ್ಕ್ರೂಗಳ ಬಳಿ 1, 2, 3, 4 ಎಂದು ಅಂಕೆಗಳಿರುತ್ತವೆ; ಬಿಗಿಯುವಾಗ ಆ ಕ್ರಮವನ್ನು ಅನುಸರಿಸತಕ್ಕದ್ದು, ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಮಣ್ಣಿನ ಹೆಂಟೆಯಂತೆ ಒಣಗಿ ಬಿರಿದ ಹಳೆಯ ಲೇಪವನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಯ್ದ ಬಟ್ಟೆಯಿಂದ ಒರೆಸಿ, ಹೊಸದನ್ನು ಒಂದು ಅಕ್ಕಿಕಾಳಿನಷ್ಟು ಮಾತ್ರ ಇಡಬೇಕು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಭ್ರಮೆ ಇಲ್ಲಿ ಸಲ್ಲದು. ಲೇಪ ಕಣಿವೆಗಳನ್ನು ತುಂಬುವುದಕ್ಕೇ ಹೊರತು ತಾಮ್ರಕ್ಕೂ ಸಿಲಿಕಾನಿಗೂ ನಡುವೆ ಗೋಡೆಯಾಗುವುದಕ್ಕಲ್ಲ. ಪಕ್ಕದ ಚಿಕ್ಕ ಚಿಪ್ಪುಗಳ ಮೇಲೆ ರಬ್ಬರಿನಂತಹ ಮೆತ್ತೆಗಳಿದ್ದರೆ ಅವನ್ನು ತೆಗೆದು ಲೇಪ ಸವರಬಾರದು. ಅಲ್ಲಿ ಅಂತರ ಹೆಚ್ಚಿರುವುದರಿಂದಲೇ ಮೆತ್ತೆಯನ್ನು ಇಟ್ಟಿರುತ್ತಾರೆ. ಕೈಪಳಗಿದವರಿಗೆ ಇದು ಒಂದು ಗಂಟೆಯ ಕಾಯಕ. ಪಳಗದವರು ಹತ್ತಿರದ ದುರಸ್ತಿ ಅಂಗಡಿಯವರಿಗೋ ಐ.ಟಿ.ಐ. ಕಲಿತ ಹಳೆಯ ವಿದ್ಯಾರ್ಥಿಗೋ ಒಪ್ಪಿಸುವುದರಲ್ಲಿ ಅವಮಾನವೇನಿಲ್ಲ.

ಮಾಡಬಾರದ ಉಪಾಯಗಳೂ ಕೆಲವು ಬಳಕೆಯಲ್ಲಿವೆ. ಬಿಸಿಯಾದ ಯಂತ್ರವನ್ನು ಫ್ರಿಜ್ಜಿನಲ್ಲಿಡುವುದು, ತಳದಲ್ಲಿ ಮಂಜುಗಡ್ಡೆಯ ಚೀಲವನ್ನಿಡುವುದು, ಒದ್ದೆ ಬಟ್ಟೆ ಹಾಸುವುದು ಅಂತಹವು. ತಣ್ಣನೆಯ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆಯೇ ಯಂತ್ರದ ಒಳಮೈ ಬೆವರಿದರೆ ಧೂಳಿಗಿಂತ ದೊಡ್ಡ ಅನಾಹುತವಾಗುತ್ತದೆ. ಬಾಯಿಂದ ಊದುವುದೂ ಎಂಜಲಿನ ತೇವವನ್ನು ಒಳಗೆ ಕಳುಹಿಸುವ ಕ್ರಮವೇ.

ಶುದ್ಧಿಯಾದ ಮೇಲೆ ಅನುಸ್ಥಾಪನೆಯನ್ನು ನಿಂತಲ್ಲಿಂದ ಮುಂದುವರಿಸಲು ಯತ್ನಿಸದೆ ಆದಿಯಿಂದ ಆರಂಭಿಸಬೇಕು. ಅರ್ಧ ಬರೆದ ವಿಭಾಗಗಳನ್ನು ಅಳಿಸಿ ಹೊಸದಾಗಿ ಎಳೆಯಬೇಕು. ಡಿಸ್ಕಿನ ಆರೋಗ್ಯವನ್ನು ತಿಳಿಸುವ ಸ್ಮಾರ್ಟ್ ಎಂಬ ದಾಖಲೆಯನ್ನೂ ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಪದೇ ಪದೇ ತಟ್ಟನೆ ಆರುವುದು ತಿರುಗುವ ಬಗೆಯ ಹಳೆಯ ಡಿಸ್ಕುಗಳಿಗೆ ಹಿತವಲ್ಲ. ವ್ಯವಸ್ಥೆ ಕುಳಿತ ಮೊದಲ ಒಂದೆರಡು ಗಂಟೆ ನವೀಕರಣ, ಕಡತಗಳ ಸೂಚಿ ಮುಂತಾದ ಹಿನ್ನೆಲೆಯ ಕೆಲಸಗಳು ನಡೆಯುವುದರಿಂದ ಆಗಲೂ ಯಂತ್ರ ಬಿಸಿಯಾಗುವುದು ಸ್ವಾಭಾವಿಕ. ಅದನ್ನು ಕಂಡು ಗಾಬರಿಪಟ್ಟು ಗುಂಡಿ ಒತ್ತಿ ಆರಿಸಬಾರದು.

ಇಷ್ಟೆಲ್ಲ ಮಾಡಿಯೂ ಉಳಿಯದ ಯಂತ್ರಗಳು ಇದ್ದೇ ಇರುತ್ತವೆ. ವರ್ಷಗಟ್ಟಲೆ ಕಾಯುತ್ತ ಆರುತ್ತ ಬಂದ ಯಂತ್ರದಲ್ಲಿ ಚಿಪ್ಪಿಗೂ ಹಲಗೆಗೂ ನಡುವಣ ಬೆಸುಗೆಯ ಕಣಗಳು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ. 2008ರಲ್ಲಿ ಎನ್‌ವಿಡಿಯಾ ಸಂಸ್ಥೆಯು ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಕಂಡ ಇಂತಹ ದೌರ್ಬಲ್ಯಕ್ಕಾಗಿ 150ರಿಂದ 200 ಮಿಲಿಯನ್ ಡಾಲರಿನಷ್ಟು ಹಣವನ್ನು ತೆಗೆದಿಡುವುದಾಗಿ ಪ್ರಕಟಿಸಿತ್ತು; ಬೃಹತ್ ಸಂಸ್ಥೆಗಳನ್ನೇ ಕಂಗೆಡಿಸಿದ ಈ ದೋಷವನ್ನು ಶಾಲೆಯ ಮೇಜಿನ ಮೇಲೆ ಸರಿಪಡಿಸಲಾಗದು. ಅಂತಹ ಯಂತ್ರದ ಸ್ಮೃತಿಕೋಶ, ಡಿಸ್ಕು, ಪರದೆ, ಚಾರ್ಜರುಗಳು ಅದೇ ಮಾದರಿಯ ಇನ್ನೊಂದಕ್ಕೆ ಒದಗುತ್ತವೆ. ದಾಸ್ತಾನು ಪುಸ್ತಕದಲ್ಲಿ ಯಾವ ದಾನಿಯ ಯಂತ್ರದ ಯಾವ ಭಾಗ ಯಾವುದಕ್ಕೆ ಸೇರಿತೆಂದು ಬರೆದಿಡುವುದು ಉಚಿತ. ಉಳಿದುದನ್ನು ಗುಜರಿಯವರಿಗೆ ತೂಗಿ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ಕೊಡಬೇಕು. ಕೊಡುವ ಮುನ್ನ, ಡಿಸ್ಕನ್ನು ಹೊರತೆಗೆದು ಅದರಲ್ಲಿ ಹಿಂದಿನ ಒಡೆಯರ ಬರಹ ಒಂದೂ ಉಳಿಯದಂತೆ ಅಳಿಸಿರಬೇಕು.